ಚೀಟು ಬೀಳುವ ಮುಂಚೆ: ಆದಿಸಭೆ ತನ್ನ ಮುಂದಾಳುಗಳನ್ನು ಆರಿಸುತ್ತಿದ್ದ ಬಗೆ

ಆದಿಸಭೆಯವರು, ಅಂದರೆ ಮೊದಲ ಕಾಲದ ಕ್ರೈಸ್ತರು, ಚೀಟು ಹಾಕಿ ಒಬ್ಬ ಅಪೊಸ್ತಲನನ್ನು (ಯೇಸುವಿನ ಹನ್ನೆರಡು ಮುಖ್ಯ ಶಿಷ್ಯರಲ್ಲಿ ಒಬ್ಬನನ್ನು) ಆರಿಸಿದರು ಎಂಬುದು ಬೈಬಲ್ ಓದಿದವರಿಗೆಲ್ಲ ಗೊತ್ತು. ಚೀಟು ಕೈಗೆತ್ತಿಕೊಳ್ಳುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದೇ ಹೋಗಿತ್ತು ಎಂಬುದನ್ನು ಮಾತ್ರ ಹೆಚ್ಚಿನವರು ಗಮನಿಸುವುದಿಲ್ಲ. 'ಪ್ರಾರ್ಥನೆ ಮಾಡಿ ಆರಿಸಿದರು' ಎಂದಾಕ್ಷಣ ಎಲ್ಲರೂ ಕಣ್ಣು ಮುಚ್ಚಿ ಕುಳಿತರು, ದೇವರು ಒಂದು ಹೆಸರು ಹೇಳಿದ, ಎದ್ದು ಬಂದರು ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಮೊದಲ ನಾಲ್ಕು ಶತಮಾನಗಳ ಬರಹಗಳನ್ನು ತೆರೆದರೆ ಸಿಗುವುದು ಬೇರೆಯೇ ಚಿತ್ರ. ಅಲ್ಲಿ ಅರ್ಹತೆಯ ಪಟ್ಟಿಯಿದೆ, ಊರವರ ಸಾಕ್ಷಿಯಿದೆ, ತಕರಾರಿದೆ, ಕೆಲವೊಮ್ಮೆ ಹೊಡೆದಾಟವೂ ಇದೆ. ಇಷ್ಟೆಲ್ಲ ನೋಡಿ, ಕೇಳಿ, ಅಳೆದ ಮೇಲೂ ಮನುಷ್ಯರ ಕಣ್ಣಿಗೆ ಕಾಣದೆ ಉಳಿಯುವ ಒಂದಂಶವಿರುತ್ತದಲ್ಲ, ಪ್ರಾರ್ಥನೆ ಮಾಡುತ್ತಿದ್ದದ್ದು ಅದಕ್ಕಾಗಿ.

ಹನ್ನೆರಡನೆಯವನು

ಮೊದಲ ಪ್ರಸಂಗ ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯದ ಕೊನೆಯಲ್ಲಿದೆ (1:15–26). ಯೇಸು ಪರಲೋಕಕ್ಕೆ ಏರಿಹೋಗಿದ್ದಾನೆ; ಪವಿತ್ರಾತ್ಮ ಇಳಿದು ಬರಲಿದ್ದ ಪಂಚಾಶತ್ತಮ ಹಬ್ಬ ಇನ್ನೂ ಬಂದಿಲ್ಲ. ಯೆರೂಸಲೇಮಿನಲ್ಲಿ ಸುಮಾರು 120 ಜನ ಸೇರಿದ್ದಾರೆ. ಇಸ್ಕರಿಯೋತ ಯೂದ ಗುರುವನ್ನು ಹಿಡಿದುಕೊಟ್ಟು ಸತ್ತದ್ದರಿಂದ ಹನ್ನೆರಡು ಮಂದಿಯಲ್ಲಿ ಒಂದು ಸ್ಥಾನ ಖಾಲಿ. ಪೇತ್ರ ಎದ್ದು ನಿಂತು ಮೊದಲು ಮಾಡುವ ಕೆಲಸ, ಈ ಸ್ಥಾನವನ್ನು ಏಕೆ ತುಂಬಬೇಕು ಎಂದು ವಿವರಿಸುವುದು. ಅದಕ್ಕೆ 69 ಮತ್ತು 109ನೆಯ ಕೀರ್ತನೆಗಳ ಆಧಾರ ಕೊಡುತ್ತಾನೆ.

ಎರಡನೆಯದಾಗಿ ಅರ್ಹತೆ ಹೇಳುತ್ತಾನೆ, ಅದೂ ಸಡಿಲವಾಗಿ ಅಲ್ಲ. ಯೋಹಾನನು ದೀಕ್ಷಾಸ್ನಾನ ಮಾಡಿಸುತ್ತಿದ್ದ ಕಾಲದಿಂದ ಹಿಡಿದು ಯೇಸು ಏರಿಹೋದ ದಿನದವರೆಗೆ ಎಲ್ಲ ಹೊತ್ತೂ ಜೊತೆಗಿದ್ದವನಾಗಿರಬೇಕು, ಪುನರುತ್ಥಾನಕ್ಕೆ ಸಾಕ್ಷಿಯಾಗಬಲ್ಲವನಾಗಿರಬೇಕು. ಮಾತುಗಾರಿಕೆ, ಮನೆತನ, ಹಣ ಯಾವುದರ ಸುದ್ದಿಯೂ ಇಲ್ಲ. ಕೆಲಸವೇ ಸಾಕ್ಷಿ ಹೇಳುವುದಾದ್ದರಿಂದ ಕಣ್ಣಾರೆ ಕಂಡಿರುವುದೇ ಅರ್ಹತೆ. 120 ಜನರಿದ್ದ ಕೂಟ ಈ ಒಂದು ಜರಡಿಯಲ್ಲಿ ಇಬ್ಬರಿಗೆ ಇಳಿಯಿತು: ಬಾರ್ಸಬನೆಂದೂ ಯೂಸ್ತನೆಂದೂ ಕರೆಸಿಕೊಳ್ಳುತ್ತಿದ್ದ ಯೋಸೇಫ, ಇನ್ನೊಬ್ಬ ಮತ್ತೀಯ. ಇವರನ್ನು ಮುಂದೆ ನಿಲ್ಲಿಸಿದವರು ಯಾರು? ಹೆಚ್ಚಿನ ಹಸ್ತಪ್ರತಿಗಳಲ್ಲಿ 'ನಿಲ್ಲಿಸಿದರು' ಎಂದಿದೆ. ಬೆಜೆ ಎಂಬ ಹಳೆಯ ಹಸ್ತಪ್ರತಿಯಲ್ಲಿ 'ನಿಲ್ಲಿಸಿದನು' ಎಂದಿದೆ. ಒಂದು ಪ್ರತ್ಯಯ ಬದಲಾದರೆ ಕೂಟದ ತೀರ್ಮಾನ ಪೇತ್ರನೊಬ್ಬನ ತೀರ್ಮಾನವಾಗಿಬಿಡುತ್ತದೆ. ಬಹುವಚನವೇ ಮೂಲದ್ದು ಎಂಬುದು ಬಹುತೇಕ ಪಂಡಿತರ ಅಭಿಪ್ರಾಯ.

ಪ್ರಾರ್ಥನೆ ಬರುವುದು ಇದಾದ ಮೇಲೆ. ಅದೂ ಚಿಕ್ಕದು: ಎಲ್ಲರ ಹೃದಯಗಳನ್ನು ಬಲ್ಲ ಕರ್ತನೇ, ಈ ಇಬ್ಬರಲ್ಲಿ ನೀನು ಆರಿಸಿಕೊಂಡವನು ಯಾರೆಂದು ತೋರಿಸು. ಗ್ರೀಕಿನಲ್ಲಿ 'ಹೃದಯ ಬಲ್ಲವನು' ಎಂಬುದು ಕಾರ್ದಿಯೊಗ್ನೋಸ್ತೇಸ್ ಎಂಬ ಒಂದೇ ಪದ. ಹೊಸ ಒಡಂಬಡಿಕೆಯಲ್ಲಿ ಈ ಪದ ಎರಡೇ ಕಡೆ ಇದೆ, ಇಲ್ಲಿ ಮತ್ತು 15:8ರಲ್ಲಿ. ನೆನಪಿಟ್ಟುಕೊಳ್ಳಿ, ಎರಡು ಶತಮಾನದ ನಂತರ ಇದೇ ಪದ ಇನ್ನೊಂದು ಕಡೆ ಸಿಗಲಿದೆ. ಪ್ರಾರ್ಥನೆಯ ಕಾಲಸೂಚಕವನ್ನೂ ಗಮನಿಸಬೇಕು. 'ಆರಿಸು' ಎಂದು ಕೇಳಲಿಲ್ಲ, 'ಆರಿಸಿಕೊಂಡವನನ್ನು ತೋರಿಸು' ಎಂದು ಕೇಳಿದರು. ಒಡನಾಟದ ವರ್ಷಗಳನ್ನು ಮನುಷ್ಯರು ಲೆಕ್ಕ ಹಾಕಬಹುದು. ಇಬ್ಬರೂ ಸರಿಸಮ ಎಂದಾದಾಗ ಉಳಿದದ್ದು ಹೃದಯ. ಅಷ್ಟನ್ನು ಮಾತ್ರ ದೇವರಿಗೆ ಬಿಟ್ಟರು.

ನಮ್ಮ ಬೈಬಲಿನಲ್ಲಿ 'ಚೀಟು' ಎಂದಿರುವುದರಿಂದ ಕನ್ನಡದ ಓದುಗರಿಗೆ ಮಡಿಸಿದ ಕಾಗದದ ತುಂಡು, ಡಬ್ಬಿ, ಎತ್ತುವ ಕೈ ಕಣ್ಣಮುಂದೆ ಬರುತ್ತದೆ. ಮೂಲದ ಕ್ಲೇರೊಸ್ ಎಂದರೆ ಕಲ್ಲಿನ ಹರಳು, ಮಡಕೆಯ ಚೂರು ಅಥವಾ ಮರದ ತುಂಡು. ಅದನ್ನು ಮಡಿಲಲ್ಲೋ ಪಾತ್ರೆಯಲ್ಲೋ ಕುಲುಕುತ್ತಿದ್ದರು. ಹೊರಗೆ ಬಿದ್ದದ್ದು ತೀರ್ಪು. ಅದಕ್ಕೇ ಮೂಲದಲ್ಲಿ ಚೀಟು 'ಬಿತ್ತು' ಎಂದಿದೆ. ಮಡಿಲಲ್ಲಿ ಚೀಟು ಹಾಕಿದರೂ ತೀರ್ಪು ಕರ್ತನದೇ ಎಂಬ ಜ್ಞಾನೋಕ್ತಿ (16:33) ಯೆಹೂದ್ಯರಿಗೆ ಪರಿಚಿತವೇ. ಕಾನಾನ್ ದೇಶ ಹಂಚಿದ್ದು ಹೀಗೆ; ದೀಕ್ಷಾಸ್ನಾನ ಮಾಡಿಸುತ್ತಿದ್ದ ಆ ಯೋಹಾನನ ತಂದೆ ಜಕರೀಯ ಧೂಪ ಹಾಕಲು ದೇವಾಲಯದ ಒಳಗೆ ಹೋದದ್ದೂ ಚೀಟು ಬಂದದ್ದರಿಂದಲೇ. ಅವರಿಗೆ ಇದು ಜೂಜಾಗಿರಲಿಲ್ಲ, ಇನ್ನು ಮುಂದೆ ನಮ್ಮ ಕೈ ಇಲ್ಲ ಎಂದು ಒಪ್ಪಿಕೊಳ್ಳುವ ಬಗೆಯಾಗಿತ್ತು.

ಶಿಷ್ಯರು ಅವಸರಪಟ್ಟರು, ನಿಜವಾದ ಹನ್ನೆರಡನೆಯವನು ಪೌಲ, ಮತ್ತೀಯನ ಹೆಸರು ಆಮೇಲೆ ಎಲ್ಲೂ ಬರುವುದೇ ಇಲ್ಲ ನೋಡಿ ಎಂಬ ವಾದವನ್ನು ಪ್ರಸಂಗಗಳಲ್ಲಿ ಆಗಾಗ ಕೇಳುತ್ತೇವೆ. ವಾದ ನಿಲ್ಲುವುದಿಲ್ಲ. ಆ ಪುಸ್ತಕದಲ್ಲಿ ಹನ್ನೆರಡು ಮಂದಿಯಲ್ಲಿ ಬಹುತೇಕರ ಹೆಸರು ಆಮೇಲೆ ಬರುವುದಿಲ್ಲ. 6:2ರಲ್ಲಿ 'ಹನ್ನೆರಡು ಮಂದಿ' ಎಂದು ಬರೆಯುವಾಗ ಮತ್ತೀಯನೂ ಆ ಲೆಕ್ಕದಲ್ಲಿದ್ದಾನೆ. ಪೌಲನಿಗಂತೂ ಪೇತ್ರ ಹೇಳಿದ ಅರ್ಹತೆಯೇ ಇರಲಿಲ್ಲ. ಇನ್ನೊಂದು ಪ್ರಶ್ನೆ ಹೆಚ್ಚು ಉಪಯುಕ್ತ: ಮುಂದೆ ಅರಸನಾದ ಹೆರೋದನು ಅಪೊಸ್ತಲ ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದಾಗ ಆ ಸ್ಥಾನವನ್ನು ಏಕೆ ತುಂಬಲಿಲ್ಲ? ಹನ್ನೆರಡು ಎಂಬುದು ಇಸ್ರಾಯೇಲಿನ ಹನ್ನೆರಡು ಕುಲಗಳ ಗುರುತು. ಸಾವು ಆ ಸ್ಥಾನವನ್ನು ಖಾಲಿ ಮಾಡುವುದಿಲ್ಲ, ಖಾಲಿಯಾಗಿದ್ದು ದ್ರೋಹದಿಂದ. ಆದ್ದರಿಂದ ಮತ್ತೀಯನ ಆಯ್ಕೆ ಒಂದೇ ಸಲ ನಡೆಯಬೇಕಾದದ್ದು, ಒಂದೇ ಸಲ ನಡೆಯಿತು. ಹೊಸ ಒಡಂಬಡಿಕೆಯಲ್ಲಿ ಮುಂದಾಳನ್ನು ಆರಿಸಲು ಮತ್ತೆಲ್ಲೂ ಚೀಟು ಹಾಕಿಲ್ಲ.

ಏಳು ಗ್ರೀಕ್ ಹೆಸರುಗಳು

ಆರನೆಯ ಅಧ್ಯಾಯದಲ್ಲಿ ಆಯ್ಕೆಗೆ ಕಾರಣ ಜಗಳ. ಗ್ರೀಕ್ ಮಾತಾಡುವ ಯೆಹೂದಿ ವಿಶ್ವಾಸಿಗಳು, ದಿನದಿನದ ಆಹಾರ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಡುತ್ತಿದ್ದೀರಿ ಎಂದು ಗೊಣಗಿದರು. ಅಪೊಸ್ತಲರು ತಾವೇ ಹೆಸರು ಹೇಳಬಹುದಿತ್ತು, ಹೇಳಲಿಲ್ಲ. ಸಂಖ್ಯೆ ಕೊಟ್ಟರು, ಏಳು. ಗುಣ ಕೊಟ್ಟರು, ಒಳ್ಳೆಯ ಹೆಸರು, ಪವಿತ್ರಾತ್ಮ, ಬುದ್ಧಿ. ಆರಿಸುವ ಕೆಲಸ ಸಭೆಯದು, ನೇಮಿಸುವ ಕೆಲಸ ತಮ್ಮದು ಎಂದು ಎರಡನ್ನೂ ಬೇರ್ಪಡಿಸಿದರು. ಸಭೆ ಕೊಟ್ಟ ಹೆಸರುಗಳು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ನಿಕೊಲಾಯನಂತೂ ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಯೆಹೂದ್ಯ ಮತಕ್ಕೆ ಸೇರಿದ ಅಂತಿಯೋಕ್ಯದವನು. ಯೆಹೂದ್ಯರಲ್ಲೂ ಗ್ರೀಕ್ ಹೆಸರಿಡುವ ರೂಢಿ ಇತ್ತಾದ್ದರಿಂದ ಹೆಸರಿನಿಂದಲೇ ಎಲ್ಲ ಹೇಳಲಾಗದು; ಆದರೂ ದೂರು ಕೊಟ್ಟವರ ಕೈಗೇ ಉಗ್ರಾಣದ ಕೀಲಿ ಹೋದಂತೆ ಕಾಣುತ್ತದೆ.

ಅವರನ್ನು ಅಪೊಸ್ತಲರ ಮುಂದೆ ನಿಲ್ಲಿಸಿದರು. ಪ್ರಾರ್ಥನೆ ಮಾಡಿ ತಲೆಯ ಮೇಲೆ ಕೈಯಿಟ್ಟರು. ಇವರೇ ಮೊದಲ 'ಡೀಕನ್'ಗಳು (ಸಭಾಸೇವಕರು) ಎಂದು ಸಂಪ್ರದಾಯ ಹೇಳುತ್ತದೆ, ಆದರೆ ಈ ಪುಸ್ತಕ ಬರೆದ ಲೂಕ ಇವರಿಗೆ ಆ ಬಿರುದು ಕೊಟ್ಟಿಲ್ಲ. ಊಟ ಬಡಿಸುವುದಕ್ಕೂ ವಾಕ್ಯ ಸಾರುವುದಕ್ಕೂ ದಿಯಾಕೊನಿಯ, ಅಂದರೆ ಸೇವೆ, ಎಂಬ ಒಂದೇ ಮಾತನ್ನು ಬಳಸಿದ್ದಾನೆ.

ಕೈ ಮತ್ತು ಉಪವಾಸ

ಕೈಯಿಡುವ ರೂಢಿ ಹಳೆಯದು. ಮೋಶೆ ಯೆಹೋಶುವನ ಮೇಲೆ ಎಲ್ಲ ಜನರ ಎದುರು ಕೈಯಿಟ್ಟು ಅಧಿಕಾರ ಒಪ್ಪಿಸಿದ (ಅರಣ್ಯಕಾಂಡ 27). ಆದರೆ ಕೈಯಿಟ್ಟಲ್ಲೆಲ್ಲ ಅದು ಪದವಿಯ ದೀಕ್ಷೆ ಎಂದುಕೊಳ್ಳಬಾರದು. ಅಂತಿಯೋಕ್ಯದಲ್ಲಿ ಬಾರ್ನಬ, ನಿಗೆರನೆಂಬ ಸಿಮೆಯೋನ, ಕುರೇನ್ಯದ ಲೂಕ್ಯ, ಮೆನಹೇನ, ಸೌಲ (ಮುಂದೆ ಪೌಲ) ಎಂಬ ಐವರು ಪ್ರವಾದಿಗಳೂ ಬೋಧಕರೂ ಇದ್ದರು (ಅಪೊಸ್ತಲರ ಕೃತ್ಯಗಳು 13:1–3). ಅವರು ಉಪವಾಸದಲ್ಲಿದ್ದು ಆರಾಧಿಸುತ್ತಿದ್ದಾಗ, ಬಾರ್ನಬನನ್ನೂ ಸೌಲನನ್ನೂ ಪ್ರತ್ಯೇಕಿಸಿರಿ ಎಂದು ಪವಿತ್ರಾತ್ಮನು ಹೇಳಿದನು. ಹೇಳಿದ್ದು ಕೇಳಿಸಿದ ಮೇಲೂ ಅವರು ಇನ್ನೊಮ್ಮೆ ಉಪವಾಸವಿದ್ದು ಪ್ರಾರ್ಥಿಸಿಯೇ ಕೈಯಿಟ್ಟು ಕಳುಹಿಸಿದರು. ಇಬ್ಬರೂ ಆಗಲೇ ಮುಂದಾಳುಗಳು. ಇಲ್ಲಿ ಕೈಯಿಟ್ಟದ್ದು ಒಂದು ಗೊತ್ತಾದ ಕೆಲಸಕ್ಕೆ ಒಪ್ಪಿಸಿಕೊಡಲು. ಸಭೆ ತನ್ನ ಅತ್ಯುತ್ತಮ ಇಬ್ಬರನ್ನು ಬಿಟ್ಟುಕೊಟ್ಟಿತು ಎಂಬುದನ್ನೂ ಮರೆಯಬಾರದು.

ಆ ಇಬ್ಬರೇ ಮರಳುವ ದಾರಿಯಲ್ಲಿ ಲುಸ್ತ್ರ, ಇಕೋನ್ಯ, ಪಿಸಿದ್ಯದ ಅಂತಿಯೋಕ್ಯಗಳ ಸಭೆಗಳಿಗೆ ಹಿರಿಯರನ್ನು ನೇಮಿಸಿದರು, ಪ್ರಾರ್ಥನೆ ಮತ್ತು ಉಪವಾಸದೊಂದಿಗೆ (14:23). ಇಲ್ಲಿ 'ನೇಮಿಸಿದರು' ಎಂಬಲ್ಲಿರುವ ಗ್ರೀಕ್ ಕ್ರಿಯಾಪದ ಖೈರೊತೊನೆಯೋ. ಅಕ್ಷರಶಃ 'ಕೈ ಚಾಚು'. ಗ್ರೀಕ್ ನಗರಗಳಲ್ಲಿ ಕೈಯೆತ್ತಿ ಮತ ಹಾಕುವುದಕ್ಕೆ ಇದೇ ಮಾತು. ಹಾಗಾದರೆ ಜನ ಕೈಯೆತ್ತಿ ಆರಿಸಿದರೇ? ಈ ವಾಕ್ಯದ ಕರ್ತೃ ಪೌಲ ಮತ್ತು ಬಾರ್ನಬ, ಆದ್ದರಿಂದ ಬರೀ ಈ ಪದದ ಬಲದಿಂದ ಚುನಾವಣೆ ನಡೆಯಿತು ಎನ್ನಲಾಗದು. ಆದರೆ 2 ಕೊರಿಂಥ 8:19ರಲ್ಲಿ ಕಾಣಿಕೆಯ ಹಣದ ಜೊತೆ ಹೋಗಲು ಸಭೆಗಳೇ ಒಬ್ಬನನ್ನು ಆರಿಸಿದವು ಎನ್ನುವಾಗಲೂ ಇದೇ ಪದವಿದೆ. ಮುಂದೆ ಚರ್ಚಿನ ಗ್ರೀಕಿನಲ್ಲಿ ಇದರ ಅರ್ಥ ಜಾರುತ್ತಾ ಜಾರುತ್ತಾ 'ಕೈಯಿಟ್ಟು ದೀಕ್ಷೆ ಕೊಡು' ಎಂದಾಯಿತು. ಜನರ ಎತ್ತಿದ ಕೈಯಿಂದ ಬಿಷಪ್ಪರ ಇಳಿಸಿದ ಕೈಗೆ, ಒಂದೇ ಪದದೊಳಗೆ.

ಉಪವಾಸ ಏಕೆ? ದೇವರನ್ನು ಒತ್ತಾಯಿಸಲು ಅಲ್ಲ. ಹಸಿದವನು ತನಗೆ ಬೇಕಾದ ಅಭ್ಯರ್ಥಿಯ ಪರ ಓಡಾಡುವುದು ಕಡಿಮೆ ಎಂದು ಲಘುವಾಗಿ ಹೇಳಬಹುದೇನೋ. ಗಂಭೀರವಾಗಿ ಹೇಳುವುದಾದರೆ, ತನ್ನ ಇಷ್ಟವನ್ನು ಬದಿಗಿಟ್ಟು ಕಾಯುವ ದೇಹದ ಅಭ್ಯಾಸ ಅದು. ದೀಕ್ಷೆ ಕೊಡುವವರು, ಪಡೆಯುವವನು ಇಬ್ಬರೂ ಉಪವಾಸವಿರಬೇಕು, ಶನಿವಾರ ಸಂಜೆ ಕಳೆದು ಭಾನುವಾರ ಶುರುವಾಗುವ ರಾತ್ರಿಯಲ್ಲೇ ದೀಕ್ಷೆ ನಡೆಯಬೇಕು ಎಂದು ರೋಮಿನ ಬಿಷಪ್ ಲಿಯೊ 445ರಲ್ಲಿ ಅಲೆಕ್ಸಾಂಡ್ರಿಯಕ್ಕೆ ಬರೆದ.

ಅವಸರದ ಅಪಾಯವನ್ನು ತಿಮೊಥೆಯನಿಗೆ ಬರೆದ ಮೊದಲ ಪತ್ರ ಎರಡು ಕಡೆ ಎಚ್ಚರಿಸುತ್ತದೆ. ಹೊಸದಾಗಿ ನಂಬಿದವನು ಸಭಾಧ್ಯಕ್ಷನಾಗಬಾರದು, ಉಬ್ಬಿಹೋಗಿ ಬಿದ್ದಾನು (3:6). ಯಾರ ಮೇಲೂ ಅವಸರದಿಂದ ಕೈಯಿಡಬೇಡ, ಇಟ್ಟರೆ ಅವನ ಪಾಪದಲ್ಲಿ ನೀನೂ ಪಾಲುಗಾರ (5:22). ಸಭಾಸೇವಕರನ್ನು ಮೊದಲು ಪರೀಕ್ಷಿಸಬೇಕು (3:10). ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಬೇಕು (3:7) ಎಂಬ ಷರತ್ತು ವಿಶೇಷವಾದದ್ದು: ಸಭೆಯೊಳಗೆ ಭಕ್ತನಾಗಿ ಕಾಣುವವನು ಸಾಲಗಾರನ ಹತ್ತಿರ, ಕೂಲಿಯವನ ಹತ್ತಿರ ಹೇಗಿದ್ದಾನೆ ಎಂಬುದು ಬೀದಿಗೆ ಗೊತ್ತಿರುತ್ತದೆ. ಮೊದಲ ಶತಮಾನದ ಕೊನೆಯ ಸುಮಾರಿನ 'ದಿದಖೆ' ಎಂಬ ಚಿಕ್ಕ ಕೈಪಿಡಿಯ 15ನೆಯ ಅಧ್ಯಾಯವೂ, ಸೌಮ್ಯರೂ ಹಣದಾಸೆಯಿಲ್ಲದವರೂ ಪರೀಕ್ಷೆಗೆ ನಿಂತವರೂ ಆದ ಅಧ್ಯಕ್ಷರನ್ನೂ ಸೇವಕರನ್ನೂ ನೀವೇ ಆರಿಸಿಕೊಳ್ಳಿ ಎನ್ನುತ್ತದೆ.

ಭಾನುವಾರದ ಮೌನ

ಇಡೀ ವಿಧಿ ಹೆಜ್ಜೆಹೆಜ್ಜೆಯಾಗಿ ಸಿಗುವುದು 'ಅಪೊಸ್ತಲಿಕ ಸಂಪ್ರದಾಯ' ಎಂಬ ಗ್ರಂಥದಲ್ಲಿ. ಇದನ್ನು ರೋಮಿನ ಹಿಪ್ಪೊಲಿಟಸ್ 215ರ ಸುಮಾರಿಗೆ ಬರೆದ ಎಂದು ಬಹುಕಾಲ ನಂಬಿದ್ದರು. ಒಬ್ಬನ ಕೈಬರಹವಲ್ಲ, ಪದರಪದರವಾಗಿ ಬೆಳೆದದ್ದು ಎಂಬ ಅಭಿಪ್ರಾಯ ಈಗ ಬಲವಾಗಿದೆ. ಗ್ರೀಕ್ ಮೂಲ ಬಹುಪಾಲು ಕಳೆದುಹೋಗಿ, ಲ್ಯಾಟಿನ್, ಕಾಪ್ಟಿಕ್, ಅರಬ್ಬಿ, ಇಥಿಯೋಪಿಕ್ ಅನುವಾದಗಳಲ್ಲಿ ಉಳಿದಿದೆ.

ಬಿಷಪ್ಪನ (ನಮ್ಮ ಕಥೋಲಿಕರ ಮಾತಿನಲ್ಲಿ ಧರ್ಮಾಧ್ಯಕ್ಷರ) ಆಯ್ಕೆ ಅಲ್ಲಿ ಹೀಗೆ ನಡೆಯುತ್ತದೆ. ಮೊದಲು ಎಲ್ಲ ಜನರೂ ಸೇರಿ ಆರಿಸುತ್ತಾರೆ. ಹೆಸರು ಪ್ರಕಟವಾಗಿ ಎಲ್ಲರಿಗೂ ಒಪ್ಪಿಗೆಯಾದ ಮೇಲೆ, ಒಂದು ಭಾನುವಾರ ಜನರು, ಹಿರಿಯರು, ಬಂದಿರುವ ಬಿಷಪ್ಪರು ಒಟ್ಟಾಗುತ್ತಾರೆ. ಬಿಷಪ್ಪರು ಅವನ ಮೇಲೆ ಕೈಯಿಡುತ್ತಾರೆ. ಹಿರಿಯರು ಸುಮ್ಮನೆ ನಿಂತಿರಬೇಕು. ಆಗ ಎಲ್ಲರೂ ಬಾಯಿ ಮುಚ್ಚಿ, ಆತ್ಮನು ಇಳಿದು ಬರಲೆಂದು ಹೃದಯದಲ್ಲೇ ಪ್ರಾರ್ಥಿಸುತ್ತಾರೆ. ಅದಾದ ಮೇಲೆ, ಎಲ್ಲರ ಕೋರಿಕೆಯಂತೆ, ಬಿಷಪ್ಪರಲ್ಲಿ ಒಬ್ಬ ಮಾತ್ರ ಕೈಯಿಟ್ಟು ದನಿಯೆತ್ತಿ ಪ್ರಾರ್ಥಿಸುತ್ತಾನೆ. ಪ್ರಾರ್ಥನೆ ಮುಗಿದೊಡನೆ ಎಲ್ಲರೂ ಹೊಸಬನಿಗೆ ಶಾಂತಿಯ ಮುದ್ದು ಕೊಡುತ್ತಾರೆ; ಡೀಕನ್ನರು ರೊಟ್ಟಿ ದ್ರಾಕ್ಷಾರಸ ತರುತ್ತಾರೆ; ಅವನೇ ಆ ದಿನದ ಬಲಿಪೂಜೆ ನಡೆಸುತ್ತಾನೆ.

ಆ ದನಿಯೆತ್ತಿದ ಪ್ರಾರ್ಥನೆಯ ನಡುವೆ ದೇವರನ್ನು ಕರೆಯುವ ಮಾತು, 'ಹೃದಯ ಬಲ್ಲ ತಂದೆಯೇ'. ಮತ್ತೀಯನ ದಿನದ ಅದೇ ಪದ. ಅದರ ಬೆನ್ನಿಗೇ, 'ನೀನು ಆರಿಸಿಕೊಂಡ ಈ ನಿನ್ನ ಸೇವಕ' ಎಂದಿದೆ. ಆರಿಸಿದ್ದು ಜನ ಎಂದು ಅದೇ ಪುಟದ ಮೇಲ್ಭಾಗ ಹೇಳಿತ್ತು! ಬರೆದವರಿಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಜನ ಕಂಡದ್ದನ್ನು ಹೇಳಿದರು. ಕಾಣದ್ದನ್ನು ಬಲ್ಲವನಿಗೆ ಒಪ್ಪಿಸಿದರು. ಎರಡೂ ಸೇರಿದಾಗ ಒಂದು ಆಯ್ಕೆ.

ಉಳಿದ ಸೇವೆಗಳಿಗೆ ಕೈಯಿಡುವ ಲೆಕ್ಕ ಬೇರೆಬೇರೆ, ಪ್ರತಿಯೊಂದಕ್ಕೂ ಕಾರಣ ಕೊಟ್ಟಿದ್ದಾರೆ. ಹಿರಿಯನಾದರೆ ಬಿಷಪ್ಪನ ಕೈಯ ಜೊತೆ ಇತರ ಹಿರಿಯರೂ ಮುಟ್ಟುತ್ತಾರೆ. ಡೀಕನ್ ಆದರೆ ಬಿಷಪ್ ಒಬ್ಬನೇ, ಏಕೆಂದರೆ ಅವನು ಯಾಜಕತ್ವಕ್ಕಲ್ಲ, ಬಿಷಪ್ಪನ ಸೇವೆಗೆ ನೇಮಕವಾದವನು. ಓದುಗನಿಗೆ ಕೈಯಿಡುವುದಿಲ್ಲ, ಪುಸ್ತಕವನ್ನು ಕೈಗೆ ಕೊಟ್ಟರೆ ಆಯಿತು. ವಿಧವೆಯರ ಪಂಗಡಕ್ಕೆ ಹೆಸರು ಸೇರಿಸಿಕೊಳ್ಳುವುದಷ್ಟೆ. ರೋಗ ಗುಣಪಡಿಸುವ ವರ ನನಗಿದೆ ಎನ್ನುವವನಿಗೂ ಕೈಯಿಡಬೇಕಿಲ್ಲ. ನಿಜವೋ ಅಲ್ಲವೋ ಕೆಲಸವೇ ಹೇಳುತ್ತದೆಯಂತೆ. ಈ ವಾಕ್ಯ ಬರೆದವನ ತುಟಿಯಲ್ಲಿ ಸಣ್ಣ ನಗು ಇದ್ದಿರಬೇಕು.

ಎಲ್ಲಿ ಕೆಡುತ್ತಿತ್ತು

ಕೆಟ್ಟ ಪ್ರಕರಣಗಳನ್ನು ನೋಡಿದರೆ ಪ್ರತಿಸಲವೂ ಈ ಹೆಜ್ಜೆಗಳಲ್ಲಿ ಯಾವುದೋ ಒಂದು ತಪ್ಪಿರುತ್ತದೆ. 96ರ ಸುಮಾರಿಗೆ ಕೊರಿಂಥದಲ್ಲಿ ಕೆಲವರು ಹಿರಿಯರನ್ನು ಕಿತ್ತುಹಾಕಿದಾಗ ರೋಮಿನ ಸಭೆ ಬರೆದ ಪತ್ರದ (ಕ್ಲೆಮೆಂಟನ ಮೊದಲ ಪತ್ರ) ವಾದವೇ ಅದು: ಇಡೀ ಸಭೆಯ ಒಪ್ಪಿಗೆಯಿಂದ ನೇಮಕವಾಗಿ ದೋಷವಿಲ್ಲದೆ ಸೇವೆ ಮಾಡಿದವರನ್ನು ನಾಲ್ಕು ಜನ ಸೇರಿ ತೆಗೆಯುವುದು ನ್ಯಾಯವಲ್ಲ.

ಸ್ಪೇನಿನ ಪ್ರಕರಣ ಇನ್ನೂ ಪಾಠದಂತಿದೆ. ಬೆಸಿಲಿಡಿಸ್ ಮತ್ತು ಮಾರ್ಷಿಯಾಲಿಸ್ ಎಂಬ ಬಿಷಪ್ಪರು, ರೋಮ್ ಸರ್ಕಾರ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ವಿಗ್ರಹಗಳಿಗೆ ಬಲಿ ಕೊಟ್ಟೆವೆಂಬ ಸರ್ಟಿಫಿಕೇಟು ಪಡೆದು ತಪ್ಪಿಸಿಕೊಂಡಿದ್ದರು. ಜನ ಅವರ ಬದಲಿಗೆ ಬೇರೆಯವರನ್ನು ಆರಿಸಿದರು. ಬೆಸಿಲಿಡಿಸ್ ರೋಮಿಗೆ ಹೋಗಿ, ದೂರದಲ್ಲಿದ್ದು ಸಂಗತಿ ತಿಳಿಯದ ಅಲ್ಲಿನ ಬಿಷಪ್ ಸ್ತೆಫಾನನನ್ನು ನಂಬಿಸಿ ಸ್ಥಾನ ಮರಳಿ ಪಡೆಯಲು ನೋಡಿದ. 254ರ ಸುಮಾರಿಗೆ ಕಾರ್ಥೇಜಿನ ಸಿಪ್ರಿಯನ್ ಮತ್ತು 36 ಬಿಷಪ್ಪರು ಸ್ಪೇನಿನ ಜನರ ಪರ ನಿಂತು ಬರೆದರು: ಯೋಗ್ಯನನ್ನು ಆರಿಸುವ, ಅಯೋಗ್ಯನನ್ನು ತಳ್ಳುವ ಅಧಿಕಾರ ಮುಖ್ಯವಾಗಿ ಜನರದು; ಏಕೆಂದರೆ ಅವನ ಬಾಳು ಅವರಿಗೆ ಗೊತ್ತು. ಆಧಾರವಾಗಿ ಕೊಟ್ಟದ್ದು ಮತ್ತೀಯನ ಮತ್ತು ಆ ಏಳು ಜನರ ಆಯ್ಕೆ. ಇಷ್ಟು ಬರೆದ ಸಿಪ್ರಿಯನ್ ಸ್ವತಃ ದೀಕ್ಷಾಸ್ನಾನವಾದ ಎರಡು ಮೂರು ವರ್ಷಕ್ಕೇ, ಕೆಲವು ಹಿರಿಯರ ವಿರೋಧದ ನಡುವೆ, ಜನರ ಕೂಗಿನಿಂದ ಬಿಷಪ್ ಆದವನು. ನಿಯಮ ಮುರಿದೂ ಒಳ್ಳೆಯ ಬಿಷಪ್ ಸಿಕ್ಕ ಉದಾಹರಣೆ. ಆ ವಿರೋಧ ಮಾತ್ರ ಅವನನ್ನು ವರ್ಷಗಟ್ಟಲೆ ಕಾಡಿತು.

251ರಲ್ಲಿ ರೋಮಿನಲ್ಲಿ ಕೊರ್ನೇಲಿಯನನ್ನು 16 ಬಿಷಪ್ಪರು ಕೈಯಿಟ್ಟು ಬಿಷಪ್ ಆಗಿ ನೇಮಿಸಿದರು. ಎದುರಾಳಿ ನೊವೇಷಿಯನ್, ಇಟಲಿಯ ಒಂದು ಮೂಲೆಯಿಂದ ಮೂವರು ಹಳ್ಳಿಗಾಡಿನ ಬಿಷಪ್ಪರನ್ನು ಕರೆಸಿ, ಕುಡಿಸಿ, ಕೈಯಿಡಿಸಿಕೊಂಡ ಎಂದು ಕೊರ್ನೇಲಿಯನೇ ಬರೆದಿದ್ದಾನೆ. ಎದುರು ಪಕ್ಷದವನ ಮಾತು, ಪೂರ್ತಿ ನಂಬಲಾಗದು. ಆದರೂ ಒಂದಂಶ ಸ್ಪಷ್ಟ: ಕೈಗಳ ಸಂಖ್ಯೆ ಸರಿಯಿದ್ದರೆ ಸಾಲದು. ಅದೇ ಪತ್ರದಲ್ಲಿ ಆಗಿನ ರೋಮ್ ಸಭೆಯ ಲೆಕ್ಕವಿದೆ, 46 ಹಿರಿಯರು, 1500ಕ್ಕೂ ಹೆಚ್ಚು ವಿಧವೆಯರು ಮತ್ತು ಬಡವರು. ಆದರೆ ಡೀಕನ್ನರು ಏಳೇ ಜನ. ಯೆರೂಸಲೇಮಿನ ಆ ಏಳನ್ನು ದಾಟಲು ಮನಸ್ಸು ಬಂದಿರಲಿಲ್ಲ.

ಸಂಪತ್ತು ಬಂದ ಮೇಲೆ ಕೆಡುಕು ದೊಡ್ಡದಾಯಿತು. 366ರಲ್ಲಿ ರೋಮಿನ ಬಿಷಪ್ ಸ್ಥಾನಕ್ಕೆ ನಿಂತ ದಮಾಸಸ್ ಮತ್ತು ಉರ್ಸಿನಸ್ ಬೆಂಬಲಿಗರ ಕಾದಾಟದಲ್ಲಿ ಒಂದೇ ದಿನ ಒಂದು ಚರ್ಚಿನೊಳಗೆ 137 ಹೆಣ ಬಿದ್ದವು ಎಂದು ಇತಿಹಾಸಕಾರ ಅಮ್ಮಿಯಾನಸ್ ದಾಖಲಿಸಿದ್ದಾನೆ. ಅದಕ್ಕೆ ಮುಂಚೆಯೇ 325ರ ನೈಸಿಯಾ ಮಹಾಸಭೆ ಬೇಲಿ ಹಾಕಿತ್ತು: ಪ್ರಾಂತದ ಎಲ್ಲ ಬಿಷಪ್ಪರೂ ಸೇರಬೇಕು, ಆಗದಿದ್ದರೆ ಕನಿಷ್ಠ ಮೂವರು ಸೇರಿ, ಬಾರದವರ ಒಪ್ಪಿಗೆ ಪತ್ರದಲ್ಲಿ ಬಂದ ಮೇಲೆ ದೀಕ್ಷೆ, ಇಬ್ಬರು ಮೂವರು ಬರೀ ಹಟಕ್ಕೆ ವಿರೋಧಿಸಿದರೆ ಹೆಚ್ಚು ಜನರ ಮತವೇ ನಿಲ್ಲಬೇಕು. ಜನರ ಕೂಗಿಗೆ ಬೆಲೆ ಕಡಿಮೆಯಾಗುತ್ತಾ ಬಂದದ್ದು ಇಲ್ಲಿಂದ. ಪೂರ್ತಿ ಹೋಗಲಿಲ್ಲ, ಒಲ್ಲದ ಜನರ ಮೇಲೆ ಬಿಷಪ್ಪನನ್ನು ಹೇರಬಾರದು ಎಂದು ರೋಮಿನ ಬಿಷಪ್ ಸೆಲೆಸ್ಟೀನ್ 428ರಲ್ಲೂ ಬರೆಯಬೇಕಾಯಿತು.

ಹಿಪ್ಪೊ, 426

ಈ ಎಲ್ಲ ಎಳೆಗಳೂ ಒಂದೇ ಬೆಳಗಿನಲ್ಲಿ ಕಾಣುವುದು ಉತ್ತರ ಆಫ್ರಿಕದ ಹಿಪ್ಪೊದಲ್ಲಿ, ಈಗಿನ ಆಲ್ಜೀರಿಯದ ಅನ್ನಾಬ. ಹತ್ತಿರದ ಮಿಲೆವಿಸ್‌ನ ಬಿಷಪ್ ಸೆವೆರಸ್, ತನ್ನ ನಂತರ ಯಾರು ಎಂಬುದನ್ನು ಪಾದ್ರಿಗಳಿಗೆ ಹೇಳಿ ಜನರಿಗೆ ಹೇಳದೆ ತೀರಿಕೊಂಡಿದ್ದ. ಆರಿಸಿದವನು ಯೋಗ್ಯನೇ; ಆದರೂ ತಮ್ಮನ್ನು ಕೇಳಲಿಲ್ಲ ಎಂದು ಕೆಲವರು ನೊಂದುಕೊಂಡರು. ಸಮಾಧಾನ ಮಾಡಲು ಹೋಗಿಬಂದ ಹಿಪ್ಪೊದ ವೃದ್ಧ ಬಿಷಪ್ ಅಗಸ್ಟೀನ್ ತನ್ನ ಊರಿನಲ್ಲಿ ಹಾಗಾಗಬಾರದೆಂದು 426ರ ಸೆಪ್ಟೆಂಬರ್ 26ರಂದು ಜನರನ್ನು ಸೇರಿಸಿದ. ಇಬ್ಬರು ಬಿಷಪ್ಪರು, ಏಳು ಹಿರಿಯರು ಹಾಜರಿದ್ದರು. ಆಡಿದ್ದನ್ನು ಆಡಿದಂತೆ ಬರೆದುಕೊಳ್ಳಲು ಲಿಪಿಕಾರರೂ ಇದ್ದರು. ಹಿರಿಯ ಎರಾಕ್ಲಿಯಸ್ ನನ್ನ ನಂತರದವನಾಗಲಿ ಎಂದ. ಜನ 'ದೇವರಿಗೆ ಸ್ತೋತ್ರ, ಕ್ರಿಸ್ತನಿಗೆ ಕೀರ್ತಿ' ಎಂದು ಕೂಗಿದರು. ಲಿಪಿಕಾರರು ಎಣಿಸಿ ಬರೆದರು, 23 ಸಲ. 'ಕ್ರಿಸ್ತನೇ ಆಲಿಸು, ಅಗಸ್ಟೀನನಿಗೆ ಆಯುಸ್ಸು ಕೊಡು', 16 ಸಲ.

ಆದರೆ ಆ ದಿನ ಎರಾಕ್ಲಿಯಸನಿಗೆ ದೀಕ್ಷೆ ಆಗಲಿಲ್ಲ. ಅಗಸ್ಟೀನನನ್ನು ಅವನ ಹಿಂದಿನ ಬಿಷಪ್ ವಲೇರಿಯಸ್ ತಾನಿನ್ನೂ ಬದುಕಿರುವಾಗಲೇ ಬಿಷಪ್ ಮಾಡಿಸಿದ್ದ. ಅದು ನೈಸಿಯಾದ ನಿಯಮಕ್ಕೆ ವಿರುದ್ಧ ಎಂಬುದು ಆಗ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ, ನನ್ನಲ್ಲಿ ಆದ ತಪ್ಪು ಈ ಮಗನಲ್ಲಿ ಆಗುವುದು ಬೇಡ ಎಂದು ಅಗಸ್ಟೀನ್ ಎಲ್ಲರೆದುರು ಹೇಳಿದ. ಎರಾಕ್ಲಿಯಸ್ ಹಿರಿಯನಾಗಿಯೇ ಉಳಿದು ವ್ಯಾಜ್ಯಗಳ ಹೊರೆ ಹೊರುತ್ತಾನೆ. ಕಾಲ ಬಂದಾಗ ಬಿಷಪ್ ಆಗುತ್ತಾನೆ. ದಾಖಲೆಗೆ ಸಹಿ ಹಾಕಬಲ್ಲವರು ಹಾಕಿ ಎಂದು ಕೇಳಿಕೊಂಡ. ಸಹಿ, ಕೂಗು, ಎಣಿಕೆ ಎಲ್ಲ ಆದ ಮೇಲೆ, ಇನ್ನು ಬಲಿಪೀಠದ ಕಡೆ ತಿರುಗೋಣ, ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟು ಈ ಸಭೆಗಾಗಿ, ನನಗಾಗಿ, ಹಿರಿಯ ಎರಾಕ್ಲಿಯಸನಿಗಾಗಿ ಪ್ರಾರ್ಥಿಸಿ ಎಂದ.